ಗಡ್ಡೆಗೆ ಏಳು ಅಂಕ

ಮಾರ್ಚ್ 4

ಅಣ್ಣನ ಮಗಳಿಗೆ,

ನಿನ್ನ ಚೀಟಿ ತಲುಪಿತು. ಪತ್ರ ಎನ್ನುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಒಂದು ಹಾಳೆ, ನಾಲ್ಕು ಸಾಲು, ಕೆಳಗೆ ಗೆರೆ ಎಳೆದು ಕೂಡಿಸಿದ ಮೊತ್ತ: ಏಳು. ಅದರ ಕೆಳಗೆ ‘ಚಿಕ್ಕಪ್ಪ, ದಯವಿಟ್ಟು ಇಡೀ ಕಿಡ್ನಿ ತೆಗೆಯಬೇಡಿ’ ಎಂದು ಒಂದು ವಾಕ್ಯ. ಮೂರನೇ ಕ್ಲಾಸಿನ ಹುಡುಗಿ ಮಾಡಿದ ಲೆಕ್ಕದ ಹಾಗಿತ್ತು. ಉತ್ತರ ಸರಿಯೋ ತಪ್ಪೋ ನೋಡಲು ನನಗೆ ಪುರುಸೊತ್ತಿಲ್ಲ.

ಈ ಅಂಕದ ಆಟ ನನಗೆ ಗೊತ್ತಿಲ್ಲ ಎಂದುಕೊಂಡೆಯಾ? ಗಡ್ಡೆ ಎಷ್ಟು ದೊಡ್ಡದು, ಕಿಡ್ನಿಯಿಂದ ಎಷ್ಟು ಹೊರಗೆ ಚಾಚಿದೆ, ಒಳಗಿನ ಮೂತ್ರದ ನಾಳಗಳಿಗೆ ಎಷ್ಟು ಹತ್ತಿರ, ತುದಿಯಲ್ಲಿದೆಯೋ ನಡುವಿನಲ್ಲಿದೆಯೋ. ಒಂದೊಂದಕ್ಕೂ ಒಂದರಿಂದ ಮೂರು ಅಂಕ. ನಾಲ್ಕು ಬಂದರೆ ಸಲೀಸು, ಹನ್ನೆರಡು ಬಂದರೆ ಕಷ್ಟ. ಕತ್ತಲೆ ಕೋಣೆಯಲ್ಲಿ ಕುಳಿತು ನೆರಳು ನೋಡುವ ನಿನ್ನಂಥ ಸ್ಕ್ಯಾನ್ ಡಾಕ್ಟರುಗಳು ತಮಗೂ ಒಂದು ಕೆಲಸವಿದೆ ಎಂದು ತೋರಿಸಿಕೊಳ್ಳಲು ಹುಟ್ಟಿಸಿದ ವಿದ್ಯೆ. ಮೂವತ್ತೊಂದು ವರ್ಷದಲ್ಲಿ ನಾನು ನಾನೂರು ಕಿಡ್ನಿ ಕೈಯಲ್ಲಿ ಹಿಡಿದಿದ್ದೇನೆ. ಒಂದರ ಮೇಲೂ ಅಂಕ ಬರೆದಿರಲಿಲ್ಲ.

ದೊಡ್ಡ ಸಿಸ್ಟರ್ ನನ್ನ ರೋಗಿ. ಇಪ್ಪತ್ತಾರು ವರ್ಷ ಆಪರೇಷನ್ ಥಿಯೇಟರಿನಲ್ಲಿ ನನ್ನೆದುರು ನಿಂತು ಕತ್ತರಿ, ಸೂಜಿ ಕೊಟ್ಟವಳು. ನೀನು ನನ್ನ ಕೈಕೆಳಗೆ ಕಲಿಯಲು ಬಂದಾಗ ಗ್ಲೌಸ್ ಹಾಕುವುದನ್ನು ನಿನಗೆ ಹೇಳಿಕೊಟ್ಟವಳೂ ಅವಳೇ. ಎಡಗಿಡ್ನಿಯಲ್ಲಿ ಗಡ್ಡೆ ಇದೆ. ಅದು ಕ್ಯಾನ್ಸರ್ ಎಂದು ಹೇಳಲು ನನಗೆ ನಿನ್ನ ಹಾಳೆ ಬೇಡ. ಇಪ್ಪತ್ತನೇ ತಾರೀಖು ಕಿಡ್ನಿ ಸಮೇತ ತೆಗೆಯುತ್ತೇನೆ. ಬಲಗಡೆಯದು ಇದೆಯಲ್ಲ, ಸಾಕು.

ಅವಳ ಸ್ಕ್ಯಾನ್ ನಿನ್ನ ಕೈಗೆ ಹೇಗೆ ಬಂತು ಎಂಬುದೂ ನನಗೆ ಗೊತ್ತು. ಸ್ಕ್ಯಾನ್ ಕೋಣೆಯ ಮೀಸೆಯವನು ನಿನ್ನ ಜೊತೆ ಓದಿದವನಲ್ಲವೇ? ಅವನಿಗೆ ನಿನ್ನೆ ಎಲ್ಲರ ಎದುರು ಸರಿಯಾಗಿ ಬೈದಿದ್ದೇನೆ.

ನಿನ್ನ ಅಪ್ಪನಿಗೆ ಮಂಡಿನೋವು ಹೇಗಿದೆ?

ಚಿಕ್ಕಪ್ಪ

*

ಮಾರ್ಚ್ 9

ಚಿಕ್ಕಪ್ಪನವರಿಗೆ,

ಅಪ್ಪನ ಮಂಡಿನೋವು ಹಾಗೇ ಇದೆ. ನೀವು ಕೇಳಿದಿರಿ ಎಂದಾಗ ‘ಟೈಪ್ ಮಾಡಿ ಕೇಳಿದ್ನಾ?’ ಎಂದರು.

ನನಗೂ ಅದೇ ಆಶ್ಚರ್ಯ. ಇಷ್ಟು ವರ್ಷ ಕೈಯಲ್ಲೇ ಬರೆಯುತ್ತಿದ್ದಿರಿ. ಬೈಯುವಾಗಲೂ ಪಕ್ಕದಲ್ಲಿ ಒಂದು ಕಿಡ್ನಿಯ ಚಿತ್ರ ಬಿಡಿಸಿ, ಇಲ್ಲಿ ರಕ್ತನಾಳ, ಇಲ್ಲಿ ನಿನ್ನ ತಲೆ ಎಂದು ಬಾಣ ಹಾಕುತ್ತಿದ್ದಿರಿ. ಈಗ ನೀರಿನ ಸರಬರಾಜು ನಿಲ್ಲಿಸುತ್ತೇವೆ ಎಂದು ಬರುವ ನೋಟಿಸಿನ ಹಾಗೆ ಟೈಪ್ ಮಾಡಿದ ಹಾಳೆ. ಸಹಿಯ ಜಾಗದಲ್ಲಿ ರಬ್ಬರ್ ಮೊಹರು. ನಾನು ನಿಮ್ಮ ಕೈಬರಹಕ್ಕೂ ಲಾಯಕ್ಕಿಲ್ಲ ಎಂದು ತಿಳಿಸುವುದು ಉದ್ದೇಶವಾಗಿದ್ದರೆ, ತಿಳಿಯಿತು.

ಕೂಡುವ ಲೆಕ್ಕ ನಿಮಗೆ ಬೇಡವೆಂದರೆ ಕಳೆಯುವ ಲೆಕ್ಕ ಮಾಡಿ. ದೊಡ್ಡ ಸಿಸ್ಟರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ನೀವು ‘ಇದೆಯಲ್ಲ, ಸಾಕು’ ಎಂದ ಬಲಗಿಡ್ನಿ ಎಡದ್ದಕ್ಕಿಂತ ಚಿಕ್ಕದು. ಒಟ್ಟು ಕೆಲಸದಲ್ಲಿ ಮೂರನೇ ಒಂದು ಪಾಲನ್ನಷ್ಟೇ ಮಾಡುತ್ತಿದೆ. ಎಡದ್ದನ್ನು ಪೂರ್ತಿ ತೆಗೆದರೆ ಕೆಲವೇ ವರ್ಷಗಳಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕಾಗಬಹುದು. ಇದನ್ನು ಹೇಳಲು ಕತ್ತಲೆ ಕೋಣೆಯೂ ಬೇಡ, ರಕ್ತಪರೀಕ್ಷೆಯ ಚೀಟಿ ಓದಲು ಬಂದರೆ ಸಾಕು.

ಗಡ್ಡೆ ನಾಲ್ಕು ಪಾಯಿಂಟ್ ಮೂರು ಸೆಂಟಿಮೀಟರ್. ಅರ್ಧಕ್ಕಿಂತ ಹೆಚ್ಚು ಹೊರಗೆ ಚಾಚಿದೆ. ಒಳನಾಳಕ್ಕೆ ಐದು ಮಿಲಿಮೀಟರ್ ದೂರ. ಏಳು ಎಂದರೆ ಸಲೀಸಲ್ಲ, ಅಸಾಧ್ಯವೂ ಅಲ್ಲ. ಗಡ್ಡೆಯನ್ನಷ್ಟೇ ಕೊರೆದು ತೆಗೆದು, ಉಳಿದ ಕಿಡ್ನಿ ಹೊಲಿಯಬಹುದು. ನಿಮ್ಮಲ್ಲಿ ಆಗದಿದ್ದರೆ ಇಲ್ಲಿಗೆ ಕಳಿಸಿ. ನಿಮ್ಮ ಹಳೆಯ ಶಿಷ್ಯ, ಆ ದರ್ಜಿ, ನಮ್ಮ ಆಸ್ಪತ್ರೆಯಲ್ಲಿ ವಾರಕ್ಕೆರಡು ಇಂಥ ಆಪರೇಷನ್ ಮಾಡುತ್ತಾನೆ.

ಸ್ಕ್ಯಾನ್ ಹೇಗೆ ಬಂತು ಎಂಬುದು ಮುಖ್ಯವಲ್ಲ.

ನಿಮ್ಮ ಅಣ್ಣನ ಮಗಳು

*

ಮಾರ್ಚ್ 14

ಮಗಳೇ,

‘ನಿಮ್ಮಲ್ಲಿ ಆಗದಿದ್ದರೆ’ ಎಂದು ಬರೆದೆಯಲ್ಲ, ಆ ವಾಕ್ಯವನ್ನು ಎರಡು ಸಲ ಓದಿದೆ. ಹದಿನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೊನೆಗೂ ಕಕ್ಕಿದೆ. ನಾನು ನಿನ್ನನ್ನು ಥಿಯೇಟರಿನಿಂದ ಹೊರಗೆ ಕಳಿಸಿದ ದಿನದ ಸೇಡು ಇದು, ಸಿಸ್ಟರ್ ಮೇಲಿನ ಪ್ರೀತಿಯಲ್ಲ. ಆ ದಿನ ಸಣ್ಣದೊಂದು ರಕ್ತನಾಳ ಚಿಮ್ಮಿತು ಅಂತ ಎರಡು ಹೆಜ್ಜೆ ಹಿಂದೆ ಸರಿದವಳು ನೀನು. ಹಿಂದೆ ಸರಿದವರಿಗೆ ಎಲ್ಲಿ ಜಾಗವೋ ಅಲ್ಲೇ ಹೋಗಿ ಕುಳಿತಿದ್ದೀಯ. ಕುರ್ಚಿಯಲ್ಲಿ ಕುಳಿತುಕೊಂಡು ಬೇರೆಯವರ ಹೊಟ್ಟೆಯಲ್ಲಿ ಮಿಲಿಮೀಟರ್ ಅಳೆಯುವುದು ಸುಲಭ. ಅಲ್ಲಿ ಯಾವುದೂ ಚಿಮ್ಮುವುದಿಲ್ಲ.

ಇನ್ನು ದರ್ಜಿ. ಆ ಹೆಸರಿಟ್ಟವನು ನಾನೇ, ಮರೆಯಬೇಡ. ಊಟದ ವಿರಾಮದಲ್ಲಿ ತಲೆದಿಂಬಿನ ಚೀಲ ಹರಿದು ಮತ್ತೆ ಹೊಲಿಯುತ್ತ ಕೂರುತ್ತಿದ್ದ. ಒಂದು ಹರ್ನಿಯಾಕ್ಕೆ ಎರಡು ಗಂಟೆ. ಅರಿವಳಿಕೆಯ ಡಾಕ್ಟರು ಅವನ ಹೆಸರು ಕೇಳಿದರೆ ಕಾದಂಬರಿ ತೆಗೆದುಕೊಂಡು ಬರುತ್ತಿದ್ದರು. ಈಗ ಅವನು ದೊಡ್ಡ ಮನುಷ್ಯ; ಸಂತೋಷ. ತಲೆದಿಂಬುಗಳ ಪುಣ್ಯ.

ಟೈಪ್ ಮಾಡಿದರೆ ನಿನಗೇನು ಕಷ್ಟ? ಕಾಲಕ್ಕೆ ತಕ್ಕ ಹಾಗೆ ಇರಿ ಎಂದು ನೀವೇ ಹೇಳುತ್ತೀರಿ, ಇದ್ದರೆ ಅದಕ್ಕೂ ತಗಾದೆ. ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ, ಮುಗಿಯಿತು.

ನಿನ್ನೆ ಸಿಸ್ಟರನ್ನೇ ಕೇಳಿದೆ. “ಏನು, ಬೇರೆ ಯಾರ ಹತ್ರ ಆದ್ರೂ ಹೋಗ್ತೀಯಾ?” ಎಂದೆ. ಸಲಕರಣೆ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. “ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಸರ್” ಎಂದಳು. ಸಾಕಲ್ಲ? ಊರಿಗೆ ಹೋಗಿಬರಬೇಕು, ಮನೆಯ ವಿಷಯ ಎಂದು ರಜೆ ಕೇಳಿದ್ದಳು, ಕೊಟ್ಟೆ. ಹತ್ತೊಂಬತ್ತಕ್ಕೆ ಬಂದು ಅಡ್ಮಿಟ್ ಆಗುತ್ತಾಳೆ. ನಿನ್ನ ಏಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೋ.

ಚಿಕ್ಕಪ್ಪ

*

ಮಾರ್ಚ್ 18

ಚಿಕ್ಕಪ್ಪ,

ದೊಡ್ಡ ಸಿಸ್ಟರ್ ಇಲ್ಲಿದ್ದಾರೆ. ನಿನ್ನೆ ಬೆಳಗಿನ ಬಸ್ಸಿಗೆ ಬಂದಿಳಿದರು. ಒಂದು ಕೈಚೀಲ, ಸ್ಕ್ಯಾನಿನ ಲಕೋಟೆ, ನೀವು ಮೊಹರು ಒತ್ತಿಕೊಟ್ಟ ರಜೆ ಚೀಟಿ. ಹತ್ತೊಂಬತ್ತಕ್ಕೆ ಅಲ್ಲಿಗೆ ಬರುವುದಿಲ್ಲ. ದರ್ಜಿ ಇಪ್ಪತ್ನಾಲ್ಕಕ್ಕೆ ಆಪರೇಷನ್ ಇಟ್ಟಿದ್ದಾನೆ.

ಸ್ಕ್ಯಾನನ್ನು ನನಗೆ ಮೊದಲು ಕಳಿಸಿದವರೂ ಅವರೇ. ಮೀಸೆಯವನಿಗೆ ಇದರ ಗಂಧಗಾಳಿಯೂ ಇಲ್ಲ. ನೀವು ಅವನನ್ನು ಎಲ್ಲರೆದುರು ಬೈದಿರಿ ಎಂದು ಓದಿಯೂ ನಾನು ಹತ್ತು ದಿನ ಸುಮ್ಮನಿದ್ದೆ. ಸಿಸ್ಟರ್ ನಿಮ್ಮ ಕೈಗೆ ಸಿಕ್ಕಿಬೀಳಬಾರದು ಎಂಬುದು ನನ್ನ ನೆಪ. ಅವನ ಹತ್ತಿರ ಕ್ಷಮೆ ಕೇಳಿ. ನಾನೂ ಕೇಳುತ್ತೇನೆ.

“ಸರ್ ಮುಖ ನೋಡಿ ಇಲ್ಲ ಅನ್ನೋಕೆ ಆಗ್ಲಿಲ್ಲಮ್ಮ, ಅದಕ್ಕೇ ಓಡಿಬಂದೆ” ಎಂದರು. ಇಪ್ಪತ್ತಾರು ವರ್ಷ ಜೊತೆಗೆ ದುಡಿದ ಹೆಂಗಸು ನಿಮಗೆ ಇಲ್ಲ ಎನ್ನಲಾರದೆ ಬಸ್ಸು ಹತ್ತಿದ್ದಾರೆ. ಇದನ್ನು ನೀವು ಗೌರವ ಎಂದು ಕರೆಯುತ್ತೀರೋ ಏನೋ.

ನಿಮ್ಮ ಅಣ್ಣನ ಮಗಳು

*

ಮಾರ್ಚ್ 21

ನಿನ್ನೆ ಆಪರೇಷನ್ ಟೇಬಲ್ ಖಾಲಿ ಇತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ನನಗಿಂತ ಮೊದಲೇ ಗೊತ್ತಿತ್ತು ಎಂದು ಕಾಣುತ್ತದೆ.

ಇಷ್ಟು ವರ್ಷ ನನ್ನೆದುರು ನಿಂತವಳು ಕಡೆಗೆ ದರ್ಜಿಯ ಕೈಗೆ ಹೊಟ್ಟೆ ಕೊಟ್ಟಳು. ಅವಳಿಗೆ ಹೇಳು: ಸೂಕ್ಷ್ಮದ ಸಲಕರಣೆಗಳ ಬೀರುವಿನ ಬೀಗದ ಕೈ ಅವಳ ಹತ್ತಿರವೇ ಇದೆ. ಅಂಚೆಯಲ್ಲಿ ಕಳಿಸಿದರೆ ಸಾಕು, ತಾನೇ ತರಬೇಕಾಗಿಲ್ಲ.

*

ಮಾರ್ಚ್ 26

ಚಿಕ್ಕಪ್ಪ,

ಮೊನ್ನೆ ಆಪರೇಷನ್ ಆಯಿತು. ಕಿಡ್ನಿಗೆ ರಕ್ತ ನಿಲ್ಲಿಸಿ, ಗಡ್ಡೆ ಕೊರೆದು, ಹೊಲಿದು, ಮತ್ತೆ ರಕ್ತ ಬಿಡಲು ನಿಮ್ಮ ತಲೆದಿಂಬಿನ ದರ್ಜಿಗೆ ಹಿಡಿದದ್ದು ಇಪ್ಪತ್ತೆರಡು ನಿಮಿಷ. ಕಿಡ್ನಿ ಇದ್ದಲ್ಲೇ ಇದೆ. ಅರಿವಳಿಕೆಯ ಡಾಕ್ಟರಿಗೆ ಕಾದಂಬರಿ ತೆರೆಯಲು ಪುರುಸೊತ್ತಾಗಲಿಲ್ಲ.

ಇಷ್ಟಕ್ಕೇ ನಿಲ್ಲಿಸುವ ಮನಸ್ಸಿತ್ತು. ಆದರೆ ಒಳಗೆ ಹೋಗುವ ಮೊದಲು ಸಿಸ್ಟರ್ ನನ್ನ ಕೈ ಹಿಡಿದು ಒಂದು ಮಾತು ಹೇಳಿದರು. ಅವರು ಹೇಳಿದಂತೆಯೇ ಬರೆಯುತ್ತೇನೆ.

“ಸರ್ ಕೈ ನಡುಗತ್ತೆ ಕಣಮ್ಮ. ಎರಡೂವರೆ ವರ್ಷ ಆಯ್ತು. ಕಾಫಿ ಲೋಟ ಎರಡೂ ಕೈಲಿ ಹಿಡೀತಾರೆ. ಗಂಟು ಹಾಕೋದೆಲ್ಲ ನಾನೇ. ಒಳಗೆ ಸಣ್ಣ ಹೊಲಿಗೆ ಬೇಕಾದ ಕೇಸ್ ಬಂದ್ರೆ, ಪೂರ್ತಿ ತೆಗೆದುಬಿಡೋಣ ಅಂತಾರೆ. ತೆಗೆಯೋದಕ್ಕೆ ಅಷ್ಟು ಸೂಕ್ಷ್ಮದ ಕೈ ಬೇಡ ನೋಡು. ನನ್ನ ಸರದಿ ಬಂದಾಗ ಭಯ ಆಯ್ತು.”

ಟೈಪ್ ಮಾಡಿದ ಪತ್ರ, ಮೊಹರು, ಚಿತ್ರವಿಲ್ಲದ ಅಂಚು ಎಲ್ಲ ಆಗ ಅರ್ಥವಾಯಿತು. ನನ್ನನ್ನು ಕೀಳಾಗಿ ಕಂಡು ಹಾಗೆ ಮಾಡಿದಿರಿ ಎಂದುಕೊಂಡಿದ್ದೆ. ಪೆನ್ನು ಹಿಡಿಯಲಾಗದ್ದಕ್ಕೆ ಹಾಗೆ ಮಾಡಿದ್ದಿರಿ. ಕನಿಕರ ಬರಬೇಕಿತ್ತು, ಬರಲಿಲ್ಲ. ಪೆನ್ನು ಹಿಡಿಯಲಾಗದ ಕೈ ಚಾಕು ಹಿಡಿದಿತ್ತಲ್ಲ!

ಕೈ ನಡುಗುವುದು ತಪ್ಪಲ್ಲ. ನಡುಗುವ ಕೈಗೆ ಎಷ್ಟಾಗುತ್ತದೋ ಅಷ್ಟನ್ನೇ ರೋಗಿಗೆ ಬೇಕಾದದ್ದು ಎಂದು ಹೇಳಿದಿರಿ, ಅದು ತಪ್ಪು. ಅಂಕಗಳನ್ನು ನೀವು ಯಾಕೆ ಅಷ್ಟು ಹೀಗಳೆಯುತ್ತಿದ್ದಿರಿ ಎಂದು ಈಗ ಗೊತ್ತಾಯಿತು. ‘ಈ ಗಡ್ಡೆಗೆ ಐದು’ ಎಂದು ಹಾಳೆಯ ಮೇಲೆ ಬರೆದರೆ, ‘ಹಾಗಾದರೆ ಕಿಡ್ನಿ ಯಾಕೆ ಉಳಿಸಲಿಲ್ಲ’ ಎಂದು ಯಾರಾದರೂ ಕೇಳುತ್ತಾರೆ. ಬರೆಯದಿದ್ದರೆ ಕೇಳುವವರೇ ಇಲ್ಲ.

“ಇಂಥವು ಎಷ್ಟಾಗಿವೆ ಸಿಸ್ಟರ್?” ಎಂದು ಕೇಳಿದೆ. “ನಾನು ಎಣಿಸಿಲ್ಲಮ್ಮ” ಎಂದರು. ಬೇರೆಯವರ ಕಿಡ್ನಿ ಹೋಗುವಾಗ ಗಂಟು ಹಾಕಿಕೊಟ್ಟು, ತಮ್ಮದಕ್ಕೆ ಬಂದಾಗ ಬಸ್ಸು ಹತ್ತಿದವರು ಅವರು. ಸ್ಟ್ರೆಚರ್ ಮೇಲೆ ಮಲಗಿದ್ದರೆಂದು ನಾನೂ ಬಾಯಿ ಬಿಗಿಹಿಡಿದೆ.

ಈ ಎರಡೂವರೆ ವರ್ಷದಲ್ಲಿ ನೀವು ಪೂರ್ತಿ ತೆಗೆದ ಎಲ್ಲ ಕಿಡ್ನಿಗಳ ಸ್ಕ್ಯಾನ್ ನನಗೆ ಬೇಕು. ನೀವು ಕಳಿಸದಿದ್ದರೆ ನಿಮ್ಮ ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆಯುತ್ತೇನೆ. ಅದೂ ಟೈಪ್ ಮಾಡಿಯೇ.

ನಿಮ್ಮ ಅಣ್ಣನ ಮಗಳು

*

ಏಪ್ರಿಲ್ 2

ಇಪ್ಪತ್ತೆರಡು ಇವೆ. ಮೀಸೆಯವನೇ ಪೆಟ್ಟಿಗೆಗೆ ಹಾಕಿಕೊಟ್ಟ. ಅವನ ಕ್ಷಮೆ ಕೇಳಿದೆ.

ನಿನ್ನ ಅಭಿಪ್ರಾಯ ಬರೆಯಬೇಡ. ಅಂಕ ಮಾತ್ರ ಬರೆ.

ಇದು ಕೈಬರಹ. ಓದಲಾಗದಿದ್ದರೆ ಸಿಸ್ಟರಿಗೆ ಕೊಡು, ಅವಳಿಗೆ ಓದಲು ಬರುತ್ತದೆ.

*

ಏಪ್ರಿಲ್ 19

ಚಿಕ್ಕಪ್ಪ,

ಸಿಸ್ಟರಿಗೆ ಕೊಡಬೇಕಾಗಲಿಲ್ಲ. ನಿಧಾನವಾಗಿ ಓದಿದರೆ ಬರುತ್ತದೆ.

ಅಂಕ ಹೇಳುವ ಮೊದಲು ನನ್ನದೊಂದು ವಿಷಯ ಹೇಳಬೇಕು. ಸಿಸ್ಟರ್ ಗಡ್ಡೆ ಏಳಲ್ಲ, ಎಂಟು. ಒಳನಾಳಕ್ಕೆ ಐದು ಮಿಲಿಮೀಟರ್ ಎಂದು ನಾನು ಬರೆದಲ್ಲಿ ಇದ್ದದ್ದು ಮೂರು. ಒಂದೇ ಕೋನದಿಂದ ಅಳೆದು, ನಿಮ್ಮನ್ನು ಸೋಲಿಸುವ ಆತುರದಲ್ಲಿ ಕೂಡಿಸಿಬಿಟ್ಟೆ. ದರ್ಜಿ ಗಡ್ಡೆ ಕೊರೆಯುವಾಗ ನಾಳ ತೆರೆದುಕೊಂಡಿತು. ಹೊಲಿದ, ಆದರೂ ಸೋರಿತು. ಎರಡನೇ ದಿನವೇ, ಗಾಯದ ನೀರು ಇಳಿಯಲು ಪಕ್ಕದಲ್ಲಿಟ್ಟ ಚೀಲದಲ್ಲಿ ಮೂತ್ರ ತುಂಬುತ್ತಿತ್ತು. ನಿಮಗೆ ಇಪ್ಪತ್ತೆರಡು ನಿಮಿಷದ ಜಂಬ ಬರೆಯುವಾಗ ಅದು ನನಗೆ ಗೊತ್ತಿತ್ತು, ಬರೆಯಲಿಲ್ಲ. ಒಳಗೆ ಕೊಳವೆ ಇಟ್ಟು, ಹನ್ನೊಂದನೇ ದಿನ ಸೋರುವುದು ನಿಂತಿತು. ಅಷ್ಟು ದಿನವೂ ಸಿಸ್ಟರ್ ತಮ್ಮ ಚೀಲವನ್ನು ತಾವೇ ನೋಡಿ, ನರ್ಸಿಗಿಂತ ಮೊದಲು ಅಳತೆ ಬರೆದುಕೊಳ್ಳುತ್ತಿದ್ದರು. ಗಡ್ಡೆ ಕ್ಯಾನ್ಸರೇ, ಪೂರ್ತಿ ಹೊರಬಂದಿದೆ. ಕಿಡ್ನಿ ಕೆಲಸ ಮಾಡುತ್ತಿದೆ.

ದರ್ಜಿ ನನ್ನನ್ನು ಬೈಯಲಿಲ್ಲ. “ಇನ್ಮೇಲೆ ಫಿಲ್ಮ್ ಒಟ್ಟಿಗೆ ಕೂತು ನೋಡೋಣ” ಎಂದ. ಬೈದಿದ್ದರೆ ವಾಸಿಯಿತ್ತು. ಬೈಗುಳ ತಿನ್ನುವುದು ನಿಮ್ಮ ಹತ್ತಿರ ಕಲಿತಿದ್ದೆ.

ಹಾಗಾಗಿ ನಿಮ್ಮ ಇಪ್ಪತ್ತೆರಡನ್ನು ನಾನೊಬ್ಬಳೇ ನೋಡಲಿಲ್ಲ. ಇನ್ನೊಬ್ಬ ಸ್ಕ್ಯಾನ್ ಡಾಕ್ಟರಿಗೆ ಯಾರದು, ಎಲ್ಲಿಯದು ಎಂದು ಹೇಳದೆ ಬೇರೆಯಾಗಿ ಅಳೆಯಲು ಕೊಟ್ಟೆ. ಮೂರರಲ್ಲಿ ನಮಗೆ ಹೊಂದಲಿಲ್ಲ, ಕುಳಿತು ಮತ್ತೆ ಅಳೆದೆವು.

ಐದು ಜನರದು ಹತ್ತು ಅಥವಾ ಅದಕ್ಕಿಂತ ಹೆಚ್ಚು. ಅಂಥ ಕಿಡ್ನಿಯನ್ನು ಬೇರೆ ಆಸ್ಪತ್ರೆಗಳಲ್ಲೂ ಹೆಚ್ಚಾಗಿ ಪೂರ್ತಿ ತೆಗೆಯುತ್ತಿದ್ದರು. ಎಂಟು ಜನರದು ಏಳರಿಂದ ಒಂಬತ್ತು. ಅಲ್ಲಿ ವಾದಕ್ಕೆ ಜಾಗವಿದೆ. ಒಂಬತ್ತು ಜನರದು ನಾಲ್ಕರಿಂದ ಆರು.

ಅಭಿಪ್ರಾಯ ಬರೆಯಬೇಡ ಎಂದಿರಿ. ಒಂದೇ ಒಂದು ಬರೆಯುತ್ತೇನೆ. ಅಂಕ ಯಾವತ್ತೂ ‘ಉಳಿಸು’ ಎಂದು ಆಜ್ಞೆ ಮಾಡುವುದಿಲ್ಲ. ನನ್ನ ಅಂಕವೇ ತಪ್ಪಿತ್ತು. ಉಳಿಸಬಹುದೇ ಎಂದು ರೋಗಿಯೆದುರು ಬಾಯಿಬಿಟ್ಟು ಮಾತಾಡಲು ಅದೊಂದು ದಾರಿ. ಆ ಒಂಬತ್ತು ಜನರೆದುರು ಆ ಮಾತೇ ಬರಲಿಲ್ಲ.

ಹೆಸರುಗಳ ಪಟ್ಟಿ ಜೊತೆಗಿದೆ. ಮುಂದೇನು ಎಂದು ನಾನು ಹೇಳುವುದಿಲ್ಲ. ನಿಮಗೆ ಗೊತ್ತಿಲ್ಲದೆ ಇಲ್ಲ.

ನಿಮ್ಮ ಅಣ್ಣನ ಮಗಳು

*

ಮೇ 6

ಮಗಳೇ,

ಇದನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಅಕ್ಷರಗಳ ಅವತಾರಕ್ಕೆ ನಗುವುದಾದರೆ ನಗು.

ನಿನ್ನ ಐದು ಮೂರಾದದ್ದಕ್ಕೆ ಒಂದು ತಿಂಗಳ ಹಿಂದೆ ನಾನು ಎರಡು ಹಾಳೆ ಬರೆಯುತ್ತಿದ್ದೆ. ಈಗ ಆ ಹಕ್ಕಿಲ್ಲ. ನೀನು ತಪ್ಪು ಅಳೆದೆ. ನಾನು ಅಳೆಯಲೇ ಇಲ್ಲ.

ಪಟ್ಟಿ ಹಿಡಿದುಕೊಂಡು ಮುಖ್ಯಸ್ಥನ ಕೋಣೆಗೆ ಹೋದೆ. ಇನ್ನು ಮೇಲೆ ಚಾಕು ಹಿಡಿಯುವುದಿಲ್ಲ ಎಂದೆ. ವಿಷಯ ಎಲ್ಲ ಹೇಳಿದೆ. ಆ ಮನುಷ್ಯ ಮೊದಲು ಬಾಗಿಲು ಹಾಕಿದ. ಆಮೇಲೆ, “ಡಾಕ್ಟ್ರೇ, ಅವ್ರೆಲ್ಲ ಆರಾಮಾಗಿದಾರೆ. ಯಾರಾದ್ರೂ ಕೇಳಿದ್ರಾ? ನೀವ್ಯಾಕೆ ಸುಮ್ನೆ ಎಬ್ಬಿಸ್ತೀರಿ?” ಎಂದ. ಅವನ ಮಾತು ಕೇಳುತ್ತ ನನಗೆ ಹೇಸಿಗೆಯಾಯಿತು. ಎರಡೂವರೆ ವರ್ಷ ನಾನು ನನಗೇ ಹೇಳಿಕೊಂಡಿದ್ದು ಇದನ್ನೇ, ಅಕ್ಷರ ಕೂಡ ಬದಲಿಲ್ಲ. ನನ್ನ ಬಾಯಿಂದ ಬಂದಾಗ ಅನುಭವದ ಮಾತಿನ ಹಾಗೆ ಕೇಳಿಸುತ್ತಿತ್ತು. ಆ ದಡ್ಡನ ಬಾಯಿಂದ ಬಂದ ಮೇಲೆ ಅದರ ಯೋಗ್ಯತೆ ತಿಳಿಯಿತು. ಒಂಬತ್ತು ಜನರನ್ನೂ ನಾನೇ ಕರೆದು ಹೇಳುತ್ತೇನೆ, ನೀವು ತಡೆದರೆ ಅವರ ಮನೆಗೇ ಹೋಗಿ ಹೇಳುತ್ತೇನೆ ಎಂದೆ. ಬಾಗಿಲು ತೆಗೆದ.

ಸಿಸ್ಟರ್ ಕಳೆದ ವಾರ ಬಂದಳು. ಇನ್ನೂ ಸೊಂಟ ಹಿಡಿದುಕೊಂಡು ನಡೆಯುತ್ತಾಳೆ. ಮನೆಗೆ ಹೋಗು ಎಂದರೆ ಕೇಳಲಿಲ್ಲ. “ಗಂಟು ಹಾಕಿದೋಳು ನಾನು, ನಾನೂ ಕೂರ್ತೀನಿ” ಎಂದಳು. ಅವಳು ಓಡಿಹೋಗಿದ್ದಕ್ಕೆ ಏನಾದರೂ ಅನ್ನಬೇಕೆಂದು ಎಷ್ಟೋ ಮಾತು ಕೂಡಿಸಿಟ್ಟಿದ್ದೆ. ಒಂದೂ ಬರಲಿಲ್ಲ. “ಈ ಕೈ ನೋಡಿದ್ರೆ ನಾನೂ ಓಡಿಹೋಗ್ತಿದ್ದೆ” ಎಂದೆ. ಅವಳು ಅತ್ತಳು. ಅಳಬೇಡ, ಹೊಲಿಗೆ ಎಳೆಯುತ್ತದೆ ಎಂದು ಬೈದೆ.

ಮೊದಲು ಕರೆದದ್ದು ಗಾಜಿನ ಅಂಗಡಿಯವನನ್ನು. ನಿನ್ನ ಪಟ್ಟಿಯಲ್ಲಿ ಐದು ಅಂಕದವನು. ಕಿಟಕಿಗಳಿಗೆ ಗಾಜು ಕತ್ತರಿಸುತ್ತಾನೆ, ನಲವತ್ತಾರು ವರ್ಷ. ತಪಾಸಣೆಗೆ ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕುಳಿತುಕೊಳ್ಳುವ ಮೊದಲೇ, “ನಿಮ್ಮಿಂದ ಉಳ್ಕೊಂಡೆ ಡಾಕ್ಟ್ರೇ” ಎಂದ. ಪ್ರತಿ ಸಲ ಬಂದಾಗಲೂ ಹಾಗೇ ಹೇಳುತ್ತಿದ್ದ. ಪ್ರತಿ ಸಲವೂ ನಾನು ತಲೆಯಾಡಿಸುತ್ತಿದ್ದೆ.

ಕೈಯೆರಡನ್ನೂ ಮೇಜಿನ ಮೇಲೆ ಇಟ್ಟೆ, ಕಾಣಲಿ ಎಂದು. ಹೇಳಿದೆ. ಗಡ್ಡೆ ತೆಗೆಯಲೇಬೇಕಿತ್ತು, ಅದು ನಿಜ. ಆದರೆ ಕಿಡ್ನಿ ಉಳಿಸಬಹುದಿತ್ತು, ಬಹುಶಃ ಸುಲಭವಾಗಿಯೇ. ನನಗೆ ಆ ಕೆಲಸ ಮಾಡಲು ಆಗುತ್ತಿರಲಿಲ್ಲ. ಆಗುವವರ ಹತ್ತಿರ ಕಳಿಸಬೇಕಿತ್ತು, ಕಳಿಸಲಿಲ್ಲ. ಅವನು ನನ್ನ ಕೈಯನ್ನೇ ನೋಡುತ್ತಿದ್ದ.

“ಅಂದ್ರೆ ತೆಗೀಬೇಕಾಗಿರ್ಲಿಲ್ವಾ?”

“ಇರ್ಲಿಲ್ಲ.”

“ನಿಮ್ಗೆ ಆವಾಗ್ಲೇ ಗೊತ್ತಿತ್ತಾ?”

“ಗೊತ್ತು ಮಾಡ್ಕೊಳ್ಳೋಕೆ ಹೋಗ್ಲಿಲ್ಲ.”

ಕೂಗಾಡುತ್ತಾನೆ, ಮೇಜು ಗುದ್ದುತ್ತಾನೆ, ಕೋರ್ಟಿಗೆ ಹೋಗುತ್ತೇನೆ ಎನ್ನುತ್ತಾನೆ ಎಂದು ಕಾದೆ. ಎಲ್ಲದಕ್ಕೂ ತಯಾರಾಗಿದ್ದೆ, ಕೋರ್ಟಿನ ದಾರಿಯನ್ನು ನಾನೇ ಹೇಳಿಕೊಡುವವನಿದ್ದೆ. ಅವನು ಮೆಲ್ಲಗೆ ಕೇಳಿದ:

“ಅದನ್ನ ಎಲ್ಲಿಟ್ಟಿದೀರಿ?”

ನನಗೆ ಅರ್ಥವಾಗಲಿಲ್ಲ. ಸಿಸ್ಟರಿಗೆ ಅರ್ಥವಾಯಿತು, ಅವಳು ಮುಖ ತಿರುಗಿಸಿದಳು.

“ನನ್ ಕಿಡ್ನಿ ಡಾಕ್ಟ್ರೇ. ಚೆನ್ನಾಗೇ ಇತ್ತು ಅಂತೀರಲ್ಲ. ಎಲ್ಲಿಟ್ಟಿದೀರಿ?”

ನಾನೂರು ಕಿಡ್ನಿ ಕೈಯಲ್ಲಿ ಹಿಡಿದವನು ನಾನು. ಒಬ್ಬನೂ ಇದನ್ನು ಕೇಳಿರಲಿಲ್ಲ. ಪರೀಕ್ಷೆಗೆ ಕಳಿಸಿ, ಚೂರು ತೆಗೆದು, ಉಳಿದದ್ದನ್ನು ಸುಡುತ್ತಾರೆ. ಹಾಗೆಂದು ಹೇಳಿದೆ. ಹೇಳುವಾಗ ಮೇಜಿನ ಮೇಲಿದ್ದ ಪೆನ್ನು ಗಡಗಡ ಸದ್ದು ಮಾಡುತ್ತಿತ್ತು. ಅವನು ಎದ್ದ. ಅಂಗಿ ಸರಿಮಾಡಿಕೊಂಡ. ಬಾಗಿಲಿನವರೆಗೆ ಹೋಗಿ, ಅಭ್ಯಾಸಬಲದಿಂದ ಕೈ ಮುಗಿಯಲು ಹೋದವನು ಅರ್ಧಕ್ಕೇ ನಿಲ್ಲಿಸಿ, ಕೈ ಇಳಿಸಿಕೊಂಡು ಹೊರಟುಹೋದ.

ಇನ್ನು ಎಂಟು ಜನ ಇದ್ದಾರೆ. ನಾಳೆ ಹತ್ತು ಗಂಟೆಗೆ ಒಬ್ಬಳು ಬರುತ್ತಾಳೆ. ಅವಳಿಗೆ ಮೂವತ್ತೆಂಟು.

ಚಿಕ್ಕಪ್ಪ